ಬೀಗ ಹಾಕಿದ ಬಾರಿನಲ್ಲಿ ಬ್ರಾಂದಿ ಬೆಳೆದದ್ದು

ಅಂದು ಬೆಳಿಗ್ಗೆ ಎಲ್ಲವೂ ಸರಿಯಾಗಿಯೇ ಇತ್ತು. ಐದೂಮುಕ್ಕಾಲಿಗೆ ನಲ್ಲಿಯಲ್ಲಿ ನೀರು ಬಂತು. ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು. ಮೊದಲ ಎರಡು ಬಿಂದಿಗೆ ಸ್ವಲ್ಪ ಕೆಂಪಗೆ ಬರುತ್ತದೆ, ಅದನ್ನು ಬಾಗಿಲಿಗೆ ಹಾಕುತ್ತೇನೆ. ಮೂರನೆಯದರಿಂದ ಹಂಡೆ ತುಂಬಿಸುತ್ತೇನೆ. ರಂಗೋಲಿ ಎಳೆದು, ಹಾಲು ಕಾಯಿಸಿ, ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿ ಅವಳನ್ನು ಕಾಲೇಜಿಗೆ ಕಳಿಸಿದಾಗ ಏಳೂಕಾಲು. ಆಮೇಲೆ ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಹತ್ತು ನಿಮಿಷ ಕೂರುತ್ತೇನೆ. ಆ ಹತ್ತು ನಿಮಿಷ ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ.

ಅಂದು ಕೇಳಿದರು. ನಮ್ಮ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಪಿರಿಯಾಪಟ್ಟಣದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೊರಟು ನಿಂತು, "ಸುಮಾ, ನೀನು ಬರದಿದ್ರೂ ನಡೀತದೆ" ಎಂದರು.

ನನಗೆ ಒಳಗೊಳಗೇ ಸಂತೋಷವಾಯಿತು. ಆ ನೆಂಟರ ಮನೆಯಲ್ಲಿ ಹೋದ ಸಲ ಮೂರು ಗಂಟೆ ನಿಂತೇ ಇದ್ದೆ. ಆದರೂ ಮುಖ ಸಪ್ಪಗೆ ಮಾಡಿಕೊಂಡು, "ಯಾಕೆ ರೀ?" ಎಂದೆ.

"ನಿನ್ ಫೋನಿಗೆ ಬಾರಿನ ಸ್ಟಾಕಿನ ಆಪ್ ಹಾಕಿಸಿದೀನಲ್ಲ, ಅದ್ರಲ್ಲಿ ಬಾಟ್ಲಿ ಸೈಜು, ಪೆಗ್ಗಿನ ಅಳತೆ ಎಲ್ಲಾ ತುಂಬ್ಬೇಕಂತೆ. ಎಲ್ಲಾ ಇಂಗ್ಲಿಷಲ್ಲಿ ಅದೆ. ನೀನು ಕಾನ್ವೆಂಟಲ್ಲಿ ಓದ್ದೋಳು."

ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಕಂಡಿದ್ದೆಲ್ಲ ನನ್ನ ಪಾಲು. ಗ್ಯಾಸಿನ ಅರ್ಜಿ, ಮಿಕ್ಸಿಯ ಗ್ಯಾರಂಟಿ ಕಾರ್ಡು, ಮಾವನವರು ಇದ್ದಾಗ ಅವರ ಸ್ಕ್ಯಾನಿಂಗ್ ರಿಪೋರ್ಟು. ಸಿಸ್ಟರುಗಳು ನನಗೆ ಕಲಿಸಿದ್ದು ಪ್ರಾರ್ಥನೆ, ಹೆಮ್ಮಿಂಗ್ ಹೊಲಿಗೆ ಮತ್ತು ವ್ಯಾಕರಣ. ಆದರೆ ಇವರ ಲೆಕ್ಕದಲ್ಲಿ ನಾನು ಸಕಲ ಶಾಸ್ತ್ರ ಪಾರಂಗತೆ.

ಹುಣಸೂರಿನಲ್ಲಿ ನಮ್ಮದೊಂದು ಬಾರು ಇದೆ. ಮಾವನವರು ಶುರುಮಾಡಿದ್ದು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ನಾನು ಕ್ಯಾಶ್ ಕೌಂಟರ್ ದಾಟಿ ಒಳಗೆ ಹೋದವಳಲ್ಲ. ತವರಿನ ಕಡೆ ಯಾರಾದರೂ ಕೇಳಿದರೆ "ಹೋಟೆಲ್ ಬಿಸಿನೆಸ್" ಎನ್ನುತ್ತೇನೆ. ಅಲ್ಲಿ ಆಮ್ಲೆಟ್ಟೂ ಹಾಕುವುದರಿಂದ ಅದು ಪೂರ್ತಿ ಸುಳ್ಳಲ್ಲ.

ಯಜಮಾನರು ಚಪ್ಪಲಿ ಮೆಟ್ಟಿಕೊಳ್ಳುತ್ತ ಸ್ವಲ್ಪ ತಡೆದರು. "ಇನ್ನೊಂದು ವಿಷ್ಯ. ಬಾರಲ್ಲಿ ಸ್ಟಾಕ್ ಸೋರ್ತಾ ಅದೆ, ಹಳೇ ಕೆಲಸದೋರನ್ನ ನಂಬ್ಬೇಡ ಅಂತ ನಮ್ಮಣ್ಣ ದಿನಾ ಫೋನ್ ಮಾಡ್ತಾ ಅವ್ನೆ. ಇವತ್ತು ಲೆಕ್ಕ ಸರಿಹೋದ್ರೆ ಅವನ ಬಾಯಿ ಮುಚ್ಚಿಸ್ತೀನಿ. ಹೋಗ್ಲಿಲ್ಲ ಅಂದ್ರೆ ಜವರಣ್ಣನ್ನ ಕಳಿಸ್ಲೇಬೇಕಾಯ್ತದೆ."

ಜವರಣ್ಣ ನಮ್ಮ ಬಾರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಊರು ಬಿಳಿಕೆರೆ. ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಾರೆ, ಮಿಕ್ಕ ದಿನ ಬಾರಿನ ಹಿಂದಿನ ರೂಮಿನಲ್ಲೇ ವಾಸ. ಮಾವನವರಿಗೆ ಕೊನೆಯ ತಿಂಗಳುಗಳಲ್ಲಿ ಕ್ಷೌರ ಮಾಡಿಸಿ, ಬೆನ್ನು ತಿಕ್ಕಿ ಸ್ನಾನ ಮಾಡಿಸಿದವರು ಅವರೇ. ಅವರನ್ನು ಕಳಿಸುವುದೆಂದರೆ ಏನು ಮಾತು.

"ಜವರಣ್ಣನ ಮಾನಕ್ಕೆ ನಾನು ಜವಾಬ್ದಾರಿ ರೀ. ನೀವು ಹೋಗಿ ಬನ್ನಿ" ಎಂದೆ.

ಈ ಮಾತನ್ನು ನಾನು ಆಡಿದ್ದು ಸುಮ್ಮನೆ ಅಲ್ಲ. ನನ್ನ ಅಡುಗೆಮನೆಯಲ್ಲಿ ನಲವತ್ತೆರಡು ಡಬ್ಬಿಗಳಿವೆ. ಪ್ರತಿಯೊಂದರ ಮೇಲೂ ಒಳಗೇನಿದೆ, ಎಷ್ಟು ಹಿಡಿಯುತ್ತದೆ ಎಂದು ಚೀಟಿ ಅಂಟಿಸಿದ್ದೇನೆ. ಡಬ್ಬಿಯ ಗಾತ್ರ, ಲೋಟದ ಅಳತೆ ಇವುಗಳ ವಿಚಾರದಲ್ಲಿ ಹುಣಸೂರು ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರು ಇದ್ದರೆ ಅವರು ಇನ್ನೂ ಹುಟ್ಟಬೇಕು ಎಂಬ ನಂಬಿಕೆ ನನಗಿತ್ತು.

ಎಂಟೂಕಾಲಿಗೆ ಬಾರಿಗೆ ಹೋದೆ. ಅದು ನಮ್ಮ ಮನೆಯಿಂದ ಎರಡು ಬೀದಿ ಆಚೆ. ಹಗಲು ಬೆಳಕಿನಲ್ಲಿ ಬಾರು ಎಷ್ಟು ಸಾಧುವಾಗಿ ಕಾಣುತ್ತದೆ ಎಂದು ಆಗ ತಿಳಿಯಿತು. ಕುರ್ಚಿಗಳು ಟೇಬಲ್ಲುಗಳ ಮೇಲೆ ತಲೆಕೆಳಗಾಗಿ ಕೂತಿದ್ದವು. ದೇವರ ಪಟಕ್ಕೆ ಆಗಲೇ ಕನಕಾಂಬರ ಏರಿಸಿ ಊದುಬತ್ತಿ ಹಚ್ಚಿದ್ದರು. ಕೌಂಟರಿನ ಹಿಂದೆ ಬಾಟಲಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ನಮ್ಮ ಸ್ಕೂಲಿನ ಅಸೆಂಬ್ಲಿ ನೆನಪಾಯಿತು. ಕುಳ್ಳಗಿದ್ದ ನಾನು ಯಾವಾಗಲೂ ಮುಂದಿನ ಸಾಲು, ಅಂದರೆ ಈಗಿನ ಲೆಕ್ಕದಲ್ಲಿ ಕ್ವಾರ್ಟರ್.

ಜವರಣ್ಣ ಒಂದು ಕುರ್ಚಿ ಇಳಿಸಿ, ಟವೆಲಿನಿಂದ ಒರೆಸಿ ಕೂರಿಸಿದರು. ದಪ್ಪ ಮೈ, ಬೆಳ್ಳಗಿನ ಮೀಸೆ, ಯಾವಾಗಲೂ ಮೆತ್ತಗಿನ ಮಾತು.

ಆಪ್ ಮೊದಲು ಕೇಳಿದ್ದು ಬಾಟಲಿಗಳ ಗಾತ್ರ. ನಾನು ಫುಲ್ ಎಂದರೆ ಸಾವಿರ ಎಂಎಲ್, ಹಾಫ್ ಎಂದರೆ ಐನೂರು, ಕ್ವಾರ್ಟರ್ ಎಂದರೆ ಇನ್ನೂರೈವತ್ತು ಎಂದು ತುಂಬಿದೆ. ಭಿನ್ನರಾಶಿಯಲ್ಲಿ ನಾನು ಎಂದೂ ತಪ್ಪಿದವಳಲ್ಲ.

ಜವರಣ್ಣ ಹಿಂದಿನಿಂದ ಇಣುಕಿ ಕೆಮ್ಮಿದರು. "ಅವ್ವಾರೆ, ಫುಲ್ಲು ಏಳ್ನೂರೈವತ್ತು. ಆಫು ಮುನ್ನೂರೆಪ್ಪತ್ತೈದು. ಕ್ವಾಟ್ರು ನೂರೆಂಬತ್ತು."

"ಹಾಗಾದ್ರೆ ಎರಡು ಕ್ವಾರ್ಟರ್ ಸೇರಿದ್ರೆ ಒಂದು ಹಾಫ್ ಆಗಲ್ವಲ್ಲ ಜವರಣ್ಣ?"

"ಆಗಕಿಲ್ಲ."

"ನಾಲ್ಕು ಕ್ವಾರ್ಟರಿಗೆ ಒಂದು ಫುಲ್?"

"ಅದೂ ಆಗಕಿಲ್ಲ ಕಣವ್ವ. ಮೂವತ್ತು ಕಮ್ಮಿ ಬೀಳ್ತದೆ."

"ಯಾಕೆ ಹಾಗೆ?"

ಜವರಣ್ಣ ಮೀಸೆ ಸವರಿಕೊಂಡರು. "ಇಷ್ಟ್ ವರ್ಸದಲ್ಲಿ ಕುಡಿಯೋರು ಯಾರೂ ಕೇಳಿಲ್ಲ ಬುಡಿ."

ಎಲ್ಲವನ್ನೂ ಅಳಿಸಿ ಮತ್ತೆ ಬರೆದೆ. ಸ್ಮಾಲ್ ಪೆಗ್ ಮೂವತ್ತು, ಲಾರ್ಜ್ ಅರವತ್ತು. ಬಿಯರ್ ಆರುನೂರೈವತ್ತು. ಅಷ್ಟರಲ್ಲಿ ಆಪ್ ಹೊಸ ಪ್ರಶ್ನೆ ಹಾಕಿತು. ಬಿಚ್ಚಿಟ್ಟ ಬಾಟಲಿಗಳಲ್ಲಿ ನಿನ್ನೆ ರಾತ್ರಿ ಎಷ್ಟು ಉಳಿದಿತ್ತು? ಈಗ ಎಷ್ಟಿದೆ? ಎರಡೂ ಸಮ ಇರಬೇಕು, ಯಾಕೆಂದರೆ ಮಧ್ಯದಲ್ಲಿ ಬಾರಿಗೆ ಬೀಗ ಹಾಕಿತ್ತು. ಇದಕ್ಕಿಂತ ಸುಲಭದ ಪರೀಕ್ಷೆ ಯಾವುದಿದೆ.

"ರಾತ್ರಿದು ಬರ್ದಿವ್ನಿ ನೋಡಿ" ಎಂದು ಜವರಣ್ಣ ನೋಟ್‌ಬುಕ್ ಮುಂದಿಟ್ಟರು. ಪ್ರತಿ ರಾತ್ರಿ ಬೀಗ ಹಾಕುವ ಮುಂಚೆ ಬರೆಯುವ ಪುಸ್ತಕ. ಅದರಲ್ಲಿ ಎಂಎಲ್ ಇರಲಿಲ್ಲ. 'ಬ್ರಾಂದಿ 3 ಬೆರಳು. ರಮ್ಮು 4 ಬೆರಳು. ವಿಸ್ಕಿ 3½ ಬೆರಳು' ಎಂದು ಗುಂಡಗಿನ ಅಕ್ಷರದಲ್ಲಿತ್ತು.

"ಬೆರಳು ಅಂದ್ರೆ?"

"ಬಾಟ್ಲಿ ತಳದಿಂದ ಬೆರಳು ಅಡ್ಡಡ್ಡ ಇಟ್ಕಂಡ್ ಬರದು. ದೊಡ್ಡ ಯಜಮಾನ್ರ ಕಾಲದಿಂದ್ಲೂ ಅಂಗೇ."

ಅವರು ಒಂದು ಬಾಟಲಿ ಎತ್ತಿ ತೋರಿಸುತ್ತಲೂ ಇದ್ದರು. ನಾನು ಫೋನಿನಿಂದ ತಲೆ ಎತ್ತದೆ "ಗೊತ್ತಾಯ್ತು" ಎಂದೆ. ಯಾಕೆಂದರೆ ಆಪಿನಲ್ಲಿ ಒಂದು ಅದ್ಭುತ ಕಂಡಿದ್ದೆ. 'ಹೊಸ ಅಳತೆ ಸೇರಿಸಿ' ಎಂಬ ಬಟನ್ನು! ಬೇಕಾದ ಹೆಸರು ಕೊಟ್ಟು, ಎಷ್ಟು ಎಂಎಲ್ ಎಂದು ಹೇಳಿದರೆ ಸಾಕು, ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತದೆ. ಹಳೆಯ ಸಂಪ್ರದಾಯಕ್ಕೂ ಹೊಸ ವಿಜ್ಞಾನಕ್ಕೂ ಮದುವೆ ಮಾಡಿಸುವ ಪುಣ್ಯಕಾರ್ಯ ನನ್ನ ಪಾಲಿಗೆ ಬಂದಿತ್ತು. 'ಫಿಂಗರ್' ಎಂದು ಹೆಸರು ತುಂಬಿದೆ. ಎಂಎಲ್ ಎಷ್ಟು? ಅದನ್ನು ಅಳೆದೇ ನೋಡಬೇಕು.

ಒಂದು ಖಾಲಿ ಬ್ರಾಂದಿ ಬಾಟಲಿಯನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಮಗಳು ಕೇಕಿನ ಹುಚ್ಚು ಹಿಡಿದ ಕಾಲದಲ್ಲಿ ತರಿಸಿದ್ದ, ಎಂಎಲ್ ಗೆರೆ ಹಾಕಿದ ಪ್ಲಾಸ್ಟಿಕ್ ಅಳತೆ ಕಪ್ ಮನೆಯಲ್ಲಿತ್ತು. ಒಳಗೆ ಬೆಳಕು ಸಾಲದೆಂದು ಜಗಲಿಯ ಮೇಲೆ ಕೂತು, ಆ ಕಪ್ಪಿನಲ್ಲಿ ಅಳೆದು ಬಾಟಲಿಗೆ ನೀರು ಹುಯ್ದು, ತಳದಿಂದ ನನ್ನ ನಾಲ್ಕು ಬೆರಳು ಅಡ್ಡಲಾಗಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಿದ್ದೆ.

"ಸುಮಕ್ಕ, ತಿಂಡಿ ಆಯ್ತಾ?"

ಪಕ್ಕದ ಮನೆಯ ಪದ್ಮ. ಕಾಂಪೌಂಡಿನ ಮೇಲಿಂದ ಅವಳ ಮುಖ ಮಾತ್ರ ಕಾಣುತ್ತಿತ್ತು. ಆ ಮುಖ ಬಾಟಲಿಯನ್ನು ನೋಡಿತು, ನನ್ನನ್ನು ನೋಡಿತು, ಮತ್ತೆ ಬಾಟಲಿಯನ್ನು ನೋಡಿತು.

"ಅಳತೆ ನೋಡ್ತಿದೀನಿ ಪದ್ಮ" ಎಂದೆ.

"ನೋಡ್ಕಳಿ ಅಕ್ಕ. ಅಳತೆ ಮೀರಬಾರ್ದು" ಎಂದು ಅವಳು ಗಂಭೀರವಾಗಿ ಒಳಗೆ ಹೋದಳು.

ನಾಲ್ಕು ಬೆರಳಿಗೆ ಇನ್ನೂರ ನಲವತ್ತು ಎಂಎಲ್ ಬಂತು. ಅಂದರೆ ಒಂದು ಬೆರಳಿಗೆ ಸರಿಯಾಗಿ ಅರವತ್ತು. ಒಂದು ಲಾರ್ಜ್! ನನಗೆ ರೋಮಾಂಚನವಾಯಿತು. ಸೃಷ್ಟಿಕರ್ತನು ಪೆಗ್ಗನ್ನು ನೋಡಿಕೊಂಡೇ ಮನುಷ್ಯನ ಬೆರಳನ್ನು ಮಾಡಿದ್ದಾನೆ ಎನಿಸಿತು. ಇಂಥ ತಾಳೆ ಸಿಕ್ಕಿದ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಬರಬೇಕಾಗಿತ್ತು.

ಒಂಬತ್ತೂಕಾಲಿಗೆ ಮತ್ತೆ ಬಾರಿನಲ್ಲಿದ್ದೆ. ಬಿಚ್ಚಿಟ್ಟ ಬಾಟಲಿಗಳು ಒಟ್ಟು ಹದಿನೆಂಟು, ಎಲ್ಲವೂ ಹೆಚ್ಚು ಕಡಿಮೆ ಒಂದೇ ದಪ್ಪ. ಸೆರಗು ಸಿಕ್ಕಿಸಿಕೊಂಡು ಒಂದೊಂದನ್ನೂ ಬೆರಳಿಟ್ಟು ಅಳೆದೆ. ಜವರಣ್ಣನಿಗೆ "ನೀವು ದೂರ ಕೂತಿರಿ, ಲೆಕ್ಕ ಪಾರದರ್ಶಕವಾಗಿ ಇರಬೇಕು" ಎಂದೂ ಹೇಳಿದೆ. ಅವರು ಬಾಗಿಲ ಹತ್ತಿರ ಕೂತು ನಿಂಬೆಹಣ್ಣು ಹೆಚ್ಚುತ್ತಿದ್ದರು.

ನೋಟ್‌ಬುಕ್ಕಿನ ಪ್ರಕಾರ ರಾತ್ರಿ ಉಳಿದದ್ದು ಅರವತ್ತಮೂರು ಬೆರಳು. ಬೆಳಿಗ್ಗೆ ನಾನು ಅಳೆದಾಗ ಎಂಬತ್ನಾಲ್ಕು ಬೆರಳು. ಆಪಿನಲ್ಲಿ ಕೆಂಪು ಅಕ್ಷರ ಮೂಡಿತು: ಸಾವಿರದ ಇನ್ನೂರ ಅರವತ್ತು ಎಂಎಲ್ ಹೆಚ್ಚು. ಅಂದರೆ ಏಳು ಕ್ವಾರ್ಟರ್, ಒಂದು ತೊಟ್ಟು ಹೆಚ್ಚಿಲ್ಲ, ಒಂದು ತೊಟ್ಟು ಕಡಿಮೆಯಿಲ್ಲ.

ನನಗಾದ ಸಂತೋಷ ಹೇಳತೀರದು. ಸ್ಟಾಕ್ ಸೋರುತ್ತಿದೆ ಎಂದು ಭಾವನವರು ದೂರುತ್ತಿದ್ದರು. ಇಲ್ಲಿ ನೋಡಿದರೆ ಸೋರುವುದಿರಲಿ, ಬೀಗ ಹಾಕಿದ ಬಾರಿನಲ್ಲಿ ರಾತ್ರೋರಾತ್ರಿ ಬ್ರಾಂದಿ ಬೆಳೆದಿತ್ತು. ಕೂಡಲೇ ಯಜಮಾನರಿಗೆ ಫೋನ್ ಮಾಡಿದೆ. ಆ ಕಡೆ ವಾಲಗದ ಸದ್ದು.

"ರೀ, ಒಳ್ಳೇ ಸುದ್ದಿ. ಏಳು ಕ್ವಾರ್ಟರ್ ಜಾಸ್ತಿ ಇದೆ."

ವಾಲಗದ ಸದ್ದು ಸ್ವಲ್ಪ ದೂರವಾಯಿತು. ಆಮೇಲೆ ಅವರ ಧ್ವನಿ ಬಂತು. "ಜಾಸ್ತಿನಾ?"

"ಹೂಂ ರೀ. ಕಡಿಮೆ ಅಲ್ಲ, ಜಾಸ್ತಿ."

"ಸುಮಾ, ಬಾಟ್ಲಿ ಒಳಗೆ ಬ್ರಾಂದಿ ಮರಿ ಹಾಕಲ್ಲ. ಕಮ್ಮಿ ಬಂದ್ರೆ ಕುಡಿದವ್ನೆ ಅಂತ. ಜಾಸ್ತಿ ಬಂದ್ರೆ ನೀರು ಬೆರೆಸವ್ನೆ ಅಂತ."

ಬಾಗಿಲಿಗೆ ಬೆನ್ನು ಮಾಡಿ ದನಿ ತಗ್ಗಿಸಿದೆ. "ಜವರಣ್ಣ ಹಾಗೆಲ್ಲ ಮಾಡಲ್ಲ ರೀ."

"ನಾನೂ ಅಂಗೇ ಅನ್ಕಂಡಿದ್ದೆ. ನಮ್ಮಣ್ಣ ಇಲ್ಲೇ ಪಕ್ಕದಲ್ಲವ್ನೆ, ಕೇಳಿಸ್ಕೊಂಡ. ಈಗ ಕೀ ಇಸ್ಕೊ. ಅವ್ರನ್ನ ಊರಿಗೆ ಕಳಿಸು. ಮಿಕ್ಕಿದ್ದು ನಾನು ಬಂದು ನೋಡ್ತೀನಿ."

ಮಾನಕ್ಕೆ ಜವಾಬ್ದಾರಿಯಾಗಿದ್ದ ನಾನೇ ಹೋಗಿ ಕೀ ಕೇಳಬೇಕಾಯಿತು. ಎಷ್ಟು ಮೆತ್ತಗೆ ಕೇಳಿದೆನೆಂದರೆ, ಮೊದಲ ಸಲ ಅವರಿಗೆ ಅರ್ಥವೇ ಆಗಲಿಲ್ಲ. "ಸ್ವಲ್ಪ ದಿನ ರೆಸ್ಟ್ ತಗೊಳಿ ಜವರಣ್ಣ" ಎಂದೆ.

"ನಂಗೇನಾಗದೆ ಅವ್ವ? ಗಟ್ಟಿಯಾಗೇ ಇವ್ನಲ್ಲ."

ಆಗ ವಿಷಯ ಹೇಳಲೇಬೇಕಾಯಿತು. ಅವರು ಚಾಕು ಕೆಳಗಿಟ್ಟು, ಟವೆಲಿನಿಂದ ಕೈ ಒರೆಸಿಕೊಂಡು ಎದ್ದು ನಿಂತರು.

"ರಾತ್ರಿ ಬರ್ದೋನೂ ನಾನೇ, ಬೀಗ ಆಕ್ದೋನೂ ನಾನೇ. ಎಂಗೆ ಜಾಸ್ತಿ ಆಯ್ತೋ ನಂಗೆ ತಿಳೀದು. ಕಮ್ಮಿ ಬಂದದೆ, ಜವರ ಕುಡ್ದವ್ನೆ ಅಂದಿದ್ರೂ ಸೈಸ್ಕತಿದ್ದೆ ಕಣವ್ವ. ನೀರು ಬೆರೆಸವ್ನೆ ಅಂದ್ಬುಟ್ರಲ್ಲ."

ಸೊಂಟದಿಂದ ಕೀ ಗೊಂಚಲು ಬಿಚ್ಚಿ ಕೌಂಟರಿನ ಮೇಲಿಟ್ಟರು. ಅದರ ಪಕ್ಕದಲ್ಲಿ ಫೋನನ್ನೂ ಇಟ್ಟರು. "ಇದೂ ಬಾರಿಂದೇ." ಹೆಚ್ಚಿದ ನಿಂಬೆಹಣ್ಣಿನ ಮೇಲೆ ತಟ್ಟೆ ಮುಚ್ಚಿ, ಬಟ್ಟೆ ಜೋಡಿಸಿಕೊಳ್ಳಲು ರೂಮಿಗೆ ಹೋದರು. ನಾನು ಕೀ, ಫೋನು ಎರಡನ್ನೂ ಎತ್ತಿಕೊಂಡು, ಶಟರ್ ಎಳೆದು ಬೀಗ ಹಾಕಿದೆ. ಹತ್ತು ಗಂಟೆಗೆ ಬಾಗಿಲು ತೆರೆಯುವ ಬಾರಿಗೆ ಹತ್ತು ಗಂಟೆಗೆ ಬೀಗ ಬಿತ್ತು.

ಮನೆಗೆ ಬಂದರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಪಾತ್ರೆ ತೊಳೆದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಹನ್ನೊಂದರ ಹೊತ್ತಿಗೆ ಅನ್ನಕ್ಕಿಡೋಣವೆಂದು ಅಕ್ಕಿ ತೊಳೆದು, ನೀರು ಹುಯ್ದು, ಎಂದಿನಂತೆ ತೋರುಬೆರಳು ಅದ್ದಿ ನೋಡಿದೆ. ಅಕ್ಕಿಯ ಮೇಲೆ ಬೆರಳಿನ ಒಂದು ಗೆಣ್ಣು, ಅದರ ಮೇಲೆ ಇನ್ನೊಂಚೂರು.

ಬೆರಳು ನೀರಿನಲ್ಲೇ ಉಳಿಯಿತು. ಯಾಕೆ ಇನ್ನೊಂಚೂರು?

ಹೊಸದಾಗಿ ಮದುವೆಯಾಗಿ ಬಂದಾಗ ಅತ್ತೆ ಹೇಳಿಕೊಟ್ಟದ್ದು ಒಂದೇ ಗೆಣ್ಣು. ನಾನು ಒಂದೇ ಗೆಣ್ಣು ಇಟ್ಟೆ. ಅನ್ನ ಅಕ್ಕಿಯಾಗಿಯೇ ಉಳಿಯಿತು. ಅತ್ತೆ ಬಂದು ನನ್ನ ಕೈ ಹಿಡಿದು ನೋಡಿ, "ಅಯ್ಯೋ ಮಗ, ನಿನ್ ಬೆರಳು ಹುರುಳಿಕಾಯಿ ಇದ್ದಂಗವೆ. ನನ್ ಗೆಣ್ಣಿಗೂ ನಿನ್ ಗೆಣ್ಣಿಗೂ ಸಮನಾ?" ಎಂದಿದ್ದರು. ಅಂದಿನಿಂದ ಒಂದು ಗೆಣ್ಣು ಮತ್ತು ಇನ್ನೊಂಚೂರು.

ಜವರಣ್ಣನ ಕೈ ಕಣ್ಣಮುಂದೆ ಬಂತು. ನಿಂಬೆಹಣ್ಣು ಹೆಚ್ಚುತ್ತಿದ್ದ ಕೈ. ಒಂದೊಂದು ಬೆರಳೂ ಏಲಕ್ಕಿ ಬಾಳೆಹಣ್ಣು. ರಾತ್ರಿ ಅಳೆದದ್ದು ಬಾಳೆಹಣ್ಣು, ಬೆಳಿಗ್ಗೆ ಅಳೆದದ್ದು ಹುರುಳಿಕಾಯಿ. ಬ್ರಾಂದಿ ಇದ್ದಷ್ಟೇ ಇತ್ತು. ಬೆರಳು ಬದಲಾಗಿತ್ತು.

ಗಣಿತದ ಸಿಸ್ಟರ್ ಒಬ್ಬರು ಉತ್ತರದ ಮುಂದೆ ಯೂನಿಟ್ ಬರೆಯದಿದ್ದರೆ ಸೊನ್ನೆ ಕೊಡುತ್ತಿದ್ದರು. ನಾನು ಯೂನಿಟ್ ಬರೆದಿದ್ದೆ. ಯಾರ ಬೆರಳು ಎಂದು ಬರೆಯುವುದನ್ನು ಮಾತ್ರ ಅವರು ಕಲಿಸಿರಲಿಲ್ಲ.

ಜವರಣ್ಣನಿಗೆ ಫೋನ್ ಮಾಡಿದೆ. ಅವರ ಫೋನು ನನ್ನ ಪಕ್ಕದಲ್ಲೇ ಹೊಡೆದುಕೊಂಡಿತು. ಅಕ್ಕಿ ಪಾತ್ರೆ ಅಲ್ಲೇ ಬಿಟ್ಟು, ನೀರು ತುಂಬಿದ್ದ ಬ್ರಾಂದಿ ಬಾಟಲಿಯನ್ನೂ ಕೀ ಗೊಂಚಲನ್ನೂ ಹಿಡಿದು ಹೊರಗೆ ಓಡಿ ಬಂದೆ. ಪದ್ಮ ಸ್ಕೂಟರ್ ತೆಗೆಯುತ್ತಿದ್ದಳು.

"ಪದ್ಮ, ಬಸ್‌ಸ್ಟ್ಯಾಂಡಿಗೆ ಬಿಡ್ತೀಯಾ? ಅರ್ಜೆಂಟು."

"ಬನ್ನಿ. ಬಾಟ್ಲಿನೂ ಬತ್ತದಾ?"

"ಅದೇ ಮುಖ್ಯ."

ಪದ್ಮ ಹೆಚ್ಚು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ನನಗೆ ಹೆಚ್ಚು ಭಯವಾಯಿತು. ದಾರಿಯುದ್ದಕ್ಕೂ ನಾನು ಅವಳ ಕಿವಿಗೆ ವಿಷಯ ಹೇಳುತ್ತಲೇ ಹೋದೆ. ಗಾಳಿಯಲ್ಲಿ ಅವಳಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಸ್ಟ್ಯಾಂಡಿನ ಮುಂದೆ ಇಳಿಸಿ, "ಹುಷಾರು ಅಕ್ಕ" ಎಂದು ಹೋದಳು.

ಬಿಳಿಕೆರೆಯ ಮೇಲೆ ಹೋಗುವ ಮೈಸೂರಿನ ಬಸ್ಸು ಹೊರಡಲು ಗುರುಗುಡುತ್ತಿತ್ತು. ಮೂರನೇ ಕಿಟಕಿಯಲ್ಲಿ ಬೆಳ್ಳಗಿನ ಮೀಸೆ. ತೊಡೆಯ ಮೇಲೆ ಬಟ್ಟೆಯ ಗಂಟು. ನಾನು ಮೆಟ್ಟಿಲು ಹತ್ತಿದ್ದೇ ಕಂಡಕ್ಟರ್ ಕೈ ಅಡ್ಡ ಹಿಡಿದರು.

"ಬಾಟ್ಲಿ ತಗಂಡು ಹತ್ತಂಗಿಲ್ಲ ಕಣಮ್ಮ."

"ಇದು ನೀರು."

"ಎಲ್ರೂ ಅಂಗೇ ಅನ್ನದು."

"ನಿಜವಾಗ್ಲೂ ನೀರು. ಬೇಕಾದ್ರೆ ಮೂಸಿ ನೋಡಿ."

ಅವರು ಮೂಸಿ ನೋಡಿದರು. ಹಿಂದಿನ ದಿನದವರೆಗೂ ಬ್ರಾಂದಿ ತುಂಬಿಕೊಂಡಿದ್ದ ಬಾಟಲಿ ತನ್ನ ಹಳೆಯ ಧರ್ಮವನ್ನು ಬಿಟ್ಟಿರಲಿಲ್ಲ. ಕಂಡಕ್ಟರ್ ನನ್ನ ಕುಂಕುಮ, ಕತ್ತಿನ ತಾಳಿ, ಕಾಟನ್ ಸೀರೆ ಎಲ್ಲವನ್ನೂ ನೋಡಿ, ತುಂಬಾ ದುಃಖದಿಂದ "ನೀರು ಜಾಸ್ತಿ ಬೆರೆಸಿದೀರ" ಎಂದರು.

"ಜವರಣ್ಣ" ಎಂದು ಕಂಡಕ್ಟರ್ ಭುಜದ ಮೇಲಿಂದ ಕೂಗಿದೆ. "ಸ್ವಲ್ಪ ಇದಕ್ಕೆ ಬೆರಳಿಡಿ."

ಇಡೀ ಬಸ್ಸು ತಿರುಗಿ ನೋಡಿತು. ನಾನು ಬಾಟಲಿ ಹಿಡಿದು ಕಂಡಕ್ಟರ್ ಕೈಯ ಕೆಳಗೆ ನುಸುಳಿ ಆ ಸೀಟಿನ ಹತ್ತಿರ ಹೋದೆ. ಜವರಣ್ಣ ಎದ್ದು ನಿಂತರು. "ಅವ್ವಾರೆ, ನೀವ್ಯಾಕ್ ಬರಕ್ ವೋದ್ರಿ? ಅದೂ ಬಾಟ್ಲಿ ಇಡ್ಕಂಡು."

"ನನ್ನ ನಾಲ್ಕು ಬೆರಳಿನಷ್ಟು ನೀರಿದೆ ಇದರಲ್ಲಿ. ನಿಮ್ಮ ಬೆರಳಿಗೆ ಎಷ್ಟಾಗುತ್ತೆ ನೋಡಿ ಜವರಣ್ಣ, ದಮ್ಮಯ್ಯ."

ಅವರ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಬಾಟಲಿ ಇಸಿದುಕೊಂಡು ನೇರವಾಗಿ ಹಿಡಿದರು. "ಇಡಪ್ಪ, ಯೆಣ್ಮಗ ಅಷ್ಟು ಕೇಳ್ತಾವ್ಳೆ." ಜವರಣ್ಣ ನಿಧಾನಕ್ಕೆ ತಳದಿಂದ ಬೆರಳಿಟ್ಟರು. ಒಂದು. ಎರಡು. ಮೂರನೆಯದು ಇಟ್ಟಾಗ ನೀರಿನ ಗೆರೆ ಬೆರಳಿನ ಮೇಲಂಚಿಗೆ ಸರಿಯಾಗಿ ಬಂದು ನಿಂತಿತು.

"ಮೂರೇ" ಎಂದರು ಅಜ್ಜಿ. ಹಿಂದಿನ ಸೀಟಿನವರೂ ಬಗ್ಗಿ ನೋಡಿ "ಹೂಂ, ಮೂರು" ಎಂದು ತೀರ್ಪು ಕೊಟ್ಟರು.

ನನ್ನ ನಾಲ್ಕಕ್ಕೆ ಅವರ ಮೂರು. ನನ್ನ ಎಂಬತ್ನಾಲ್ಕಕ್ಕೆ ಅವರ ಅರವತ್ತಮೂರು. ಬಾಯಲ್ಲೇ ಲೆಕ್ಕ ಮಾಡಿ ಹೇಳಿದೆ. "ನೀವು ನೀರು ಬೆರೆಸಿಲ್ಲ ಜವರಣ್ಣ. ನನ್ನ ಬೆರಳು ಸಣ್ಣ."

ಅವರು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು, ಮೊದಲ ಸಲ ಕಂಡವರಂತೆ.

ಇದೆಲ್ಲ ಮುಗಿದ ಮೇಲೆ ಇಳಿಯೋಣವೆಂದು ತಿರುಗಿದರೆ ಹುಣಸೂರು ಹಿಂದೆ ಉಳಿದಿತ್ತು. ಬಸ್ಸು ಯಾವಾಗ ಹೊರಟಿತೋ ದೇವರಿಗೇ ಗೊತ್ತು. ಗಾಬರಿಯಲ್ಲಿ ಒಂದು ಕೈಯಿಂದ ಮೇಲಿನ ಕಂಬಿ ಹಿಡಿದು, ಇನ್ನೊಂದು ಕೈಗೆ ಅಜ್ಜಿಯಿಂದ ಬಾಟಲಿ ತೆಗೆದುಕೊಂಡೆ. ಅದೇ ಹೊತ್ತಿಗೆ ಬ್ರೇಕ್ ಬಿತ್ತು. ನಾಲ್ಕು ಬೆರಳು ನೀರೂ ನನ್ನ ಸೀರೆಯ ಮೇಲಾಯಿತು. ಬ್ರಾಂದಿಯ ಸುಗಂಧ ಬಸ್ಸಿನಲ್ಲೆಲ್ಲ ಹರಡಿತು.

"ಟಿಕೆಟ್ ಅಮ್ಮ. ಆಧಾರ್ ಕಾರ್ಡ್ ಇದ್ರೆ ಫ್ರೀ" ಎಂದರು ಕಂಡಕ್ಟರ್.

ಆಧಾರ್ ಇರಲಿಲ್ಲ. ಪರ್ಸೂ ಇರಲಿಲ್ಲ. ಕೈಯಲ್ಲಿದ್ದದ್ದು ಬಾರಿನ ಕೀ ಮತ್ತು ಖಾಲಿ ಬಾಟಲಿ. ಜವರಣ್ಣ ಜೇಬಿಗೆ ಕೈ ಹಾಕಿದರು. "ಬಿಳಿಕೆರೆಗೆ ಒಂದು ಕೊಡಿ. ನಮ್ ಯಜಮಾನ್ರ ಮನೆಯೋರು."

ಬೆಳಿಗ್ಗೆ ತಾನೇ ಕೆಲಸದಿಂದ ಕಳಿಸಿದ ಮನುಷ್ಯನ ದುಡ್ಡಿನಲ್ಲಿ ಮಧ್ಯಾಹ್ನ ಪ್ರಯಾಣ ಮಾಡಿದವಳು ಹುಣಸೂರಿನ ಇತಿಹಾಸದಲ್ಲಿ ನಾನೊಬ್ಬಳೇ ಇರಬೇಕು.

ಅದೃಷ್ಟಕ್ಕೆ ಸೊಂಟದಲ್ಲಿ ಬಾರಿನ ಫೋನು ಸಿಕ್ಕಿಸಿಕೊಂಡಿದ್ದೆ. ಯಜಮಾನರಿಗೆ ಮಾಡಿದೆ. ಅವರು ಊಟಕ್ಕೆ ಕೂತಿದ್ದರು.

"ರೀ, ಜವರಣ್ಣನ ಮೂರು ಬೆರಳಿಗೆ ನನ್ನ ನಾಲ್ಕು ಬೆರಳು."

"ಏನು?"

"ಬ್ರಾಂದಿ ಬೆಳೆದಿಲ್ಲ ರೀ. ಅವರು ಅಳೆದದ್ದು ಅವರ ಬೆರಳಲ್ಲಿ, ನಾನು ಅಳೆದದ್ದು ನನ್ನ ಬೆರಳಲ್ಲಿ. ತಪ್ಪು ನಂದು."

ಆ ಕಡೆ ಯಾರೋ "ಪಾಯಸ, ಪಾಯಸ" ಎನ್ನುತ್ತ ಹೋದದ್ದು ಕೇಳಿಸಿತು. "ನೀನೀಗ ಎಲ್ಲಿದ್ದೀಯ?"

"ಬಿಳಿಕೆರೆ ಬಸ್ಸಲ್ಲಿ."

"ಜವರಣ್ಣಂಗೆ ಫೋನ್ ಕೊಡು" ಎಂದರು.

ಅವರೇನು ಹೇಳಿದರೋ ನನಗೆ ಕೇಳಿಸಲಿಲ್ಲ. ಜವರಣ್ಣ ಕಿಟಕಿಯ ಕಡೆ ಮುಖ ಮಾಡಿಕೊಂಡು "ಊಂ... ಊಂ... ಇರ್ಲಿ ಬುಡಿ... ಅಂಗನ್ಬ್ಯಾಡಿ ನೀವು" ಎಂದರು. ಫೋನ್ ಹಿಂದಕ್ಕೆ ಕೊಟ್ಟು, ಟವೆಲಿನ ತುದಿಯಿಂದ ಕಣ್ಣೊತ್ತಿಕೊಂಡು, ಹೊರಗೆ ಧೂಳು ಎಂದರು. ಕಿಟಕಿಯ ಗಾಜು ಮುಚ್ಚಿತ್ತು.

ಬಿಳಿಕೆರೆಯಲ್ಲಿ ಇಳಿದೆವು. ಅವರು ರಸ್ತೆ ಬದಿಯ ಅಂಗಡಿಯಲ್ಲಿ ನನಗೆ ಟೀ ಕೊಡಿಸಿದರು, ಅದೂ ಅವರದೇ ದುಡ್ಡು. ಟೀ ಕುಡಿಯುತ್ತ ನಾನು ಕೀ ಗೊಂಚಲನ್ನು ಅವರ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ.

"ಒಂದು ಮಾತು ಅವ್ವ. ಇನ್ಮೇಲೆ ನಂಗೆ ಕೇಳ್ದೆ ಬೆರಳಿಡಬ್ಯಾಡಿ."

"ಇಡಲ್ಲ."

"ದೂರ ಕೂತ್ಕ ಅನ್ನಬ್ಯಾಡಿ."

"ಅನ್ನಲ್ಲ ಜವರಣ್ಣ."

ಆಗ ಕೀ ತೆಗೆದುಕೊಂಡರು. ಸೊಂಟಕ್ಕೆ ಸಿಕ್ಕಿಸಿ ಒಮ್ಮೆ ತಟ್ಟಿ ನೋಡಿಕೊಂಡರು. ವಾಪಸು ಬರುವ ಬಸ್ಸು ಒಂದು ಗಂಟೆ ಬರಲಿಲ್ಲ. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ನನ್ನ ಸೀರೆಯ ವಾಸನೆ ಹಿಡಿದು ಇಬ್ಬರು ಹೆಂಗಸರು ಎದ್ದು ದೂರ ಹೋದರು. ನಮಗೆ ಎರಡು ಸೀಟು ಸಿಕ್ಕಿತು.

ಬಾರಿನ ಶಟರ್ ಮೇಲೆದ್ದಾಗ ಎರಡೂವರೆ. ಮುಂದೆ ಯಾರೂ ಕಾಯುತ್ತಿರಲಿಲ್ಲ. ಕಾದು ಕಾದು ಹೋಗಿದ್ದರು. ಜವರಣ್ಣ ಹದಿನೆಂಟು ಬಾಟಲಿಗಳಿಗೂ ತಮ್ಮ ಬೆರಳಿಟ್ಟು ಅಳೆದರು. ನಾನು ಪಕ್ಕದಲ್ಲಿ ನಿಂತು ಬರೆದುಕೊಂಡೆ. ಅರವತ್ತಮೂರು. ಆಪಿನಲ್ಲಿ 'ಜವರಣ್ಣ ಫಿಂಗರ್, 80 ಎಂಎಲ್' ಎಂಬ ಹೊಸ ಅಳತೆ ಸೇರಿಸಿದೆ. ಕೆಂಪು ಅಕ್ಷರ ಹೋಗಿ ಹಸಿರು ಬಂತು. ನನ್ನ ಹಳೆಯ 'ಫಿಂಗರ್' ಅನ್ನು ಅಳಿಸಲು ಹೋದರೆ, ಈ ಅಳತೆ ಬಳಕೆಯಲ್ಲಿದೆ, ಅಳಿಸಲಾಗದು ಎಂದು ಆಪ್ ವಿನಯದಿಂದ ತಿಳಿಸಿತು.

ಸಂಜೆ ಆರಕ್ಕೆ ಯಜಮಾನರು ತಾಂಬೂಲದ ಚೀಲ ಹಿಡಿದು ಬಂದರು. ಆಪ್ ತೆರೆದು ನೋಡಿದರು.

"ಇದು ಜವರಣ್ಣನ ಬೆರಳು. ಕೆಳಗಡೆ ಇನ್ನೊಂದು ಬೆರಳು ಯಾರದು?"

"ಯಾರದೋ ಗೊತ್ತಿಲ್ಲ ರೀ" ಎಂದೆ.

ಅವರು ನಗಲಿಲ್ಲ. ಪಂಚೆಯನ್ನೂ ಬದಲಾಯಿಸದೆ, "ಫ್ಲಾಸ್ಕಿಗೆ ಎರಡು ಲೋಟ ಕಾಫಿ ಹಾಕ್ಕೊಡು. ಚೀಲದಲ್ಲಿ ಒಬ್ಬಟ್ಟು ಅವೆ, ಅವನ್ನೂ ಕಟ್ಟು" ಎಂದು, ಎರಡನ್ನೂ ಹಿಡಿದು ಬಾರಿನ ಕಡೆ ನಡೆದೇ ಹೋದರು.

ನಾನು ಜಗಲಿಯ ಮೇಲೆ ಕೂತೆ. ಸೀರೆ ಬದಲಾಯಿಸಿದ್ದರೂ ಮೂಗಿನಲ್ಲಿ ಬ್ರಾಂದಿ ಇತ್ತು. ಏನೇ ಆಗಲಿ, ಕೊನೆಗೆ ಸತ್ಯ ಕಂಡುಹಿಡಿದವಳು ನಾನೇ ತಾನೆ, ಒಬ್ಬ ಹಳೆಯ ಮನುಷ್ಯನ ಮರ್ಯಾದೆ ಉಳಿಸಿದವಳೂ ನಾನೇ ತಾನೆ, ಕಳೆದವಳೂ ನಾನೇ ಎಂಬುದನ್ನು ಬಿಟ್ಟರೆ ಲೆಕ್ಕದಲ್ಲಿ ಇಂದು ದೇಶಕ್ಕೆ ಒಳ್ಳೆಯದೇ ಆಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಪದ್ಮ ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಒಂದೊಂದೇ ಕ್ಲಿಪ್ಪು ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡು, ನನ್ನ ಕಡೆ ನೋಡದೆಯೇ ಹೇಳಿದಳು:

"ಸುಮಕ್ಕ, ವಾರಕ್ಕೊಂದ್ಸಲ ನೀವೇ ಸ್ಟಾಕ್ ಲೆಕ್ಕ ತಗಳ್ರಕ್ಕ. ಬಾರಿಗೆ ಬೀಗ ಹಾಕಿತ್ತಂತ ನಮ್ಮನೆಯೋರು ಮಧ್ಯಾನ ಮನೇಲೇ ಉಂಡು, ಒಂದು ಗಂಟೆ ಮಲ್ಗೆದ್ದು, ಐದು ವರ್ಷದಿಂದ ಕಿರ್ ಅಂತಿದ್ದ ಗೇಟಿಗೆ ಎಣ್ಣೆ ಬಿಟ್ರು."